ಲೋಡ್ ಅಂದ್ರ ಏನು?

ಶಿವಶರಣನ ದನಿ ದಿನಾ ಒಂಬತ್ತಕ್ಕೆ ಸೇಡಂ ರಸ್ತೆಯ ಐಟಿಐನಲ್ಲಿ ಹಾಜರ್. ದೇಹಕ್ಕೆ ಮಾತ್ರ ಸೂಪರ್ ಮಾರ್ಕೆಟ್ ಬಜಾರ್. ಕಮಲಾಪುರದಿಂದ ಮೊದಲ ಬಸ್ಸಿಗೆ ಬಂದು, ಹನ್ನೊಂದರವರೆಗೆ ಲಾರಿಯ ಚೀಲ ಇಳಿಸಿ, ಆಮೇಲೆ ಎಲೆಕ್ಟ್ರಿಷಿಯನ್ ಪ್ರಾಕ್ಟಿಕಲ್‌ಗೆ ಓಡುತ್ತಿದ್ದ. ಅವ್ವ ಮಾಳಮ್ಮನಿಗೆ ಬಸ್ಸು ಪುಕ್ಕಟೆ. ಮಗನಿಗೆ ಪಾಸ್ ಇಲ್ಲದೆ ಪಾಸಾಗುವ ದಾರಿಯಿಲ್ಲ. ಆ ಪಾಸು, ಪರೀಕ್ಷೆಯ ಫೀಸು ಎರಡೂ ಚೀಲ ಹೊತ್ತೇ ಹುಟ್ಟಬೇಕು.

ಬೆಳಗಿನ ಥಿಯರಿ ಕ್ಲಾಸಿಗೆ ಅವನ ಬದಲು ಗೆಳೆಯ ನದೀಮನ ಗಂಟಲು ಹೋಗುತ್ತಿತ್ತು. ಅಣವೀರಪ್ಪ ಸರ್ ರಿಜಿಸ್ಟರಿನಿಂದ ತಲೆ ಎತ್ತುವವರಲ್ಲ. "ಶಿವಶರಣ" ಎಂದರೆ ಸಾಕು, ನದೀಮ್ ಮೂಗು ಹಿಡಿದು, ಕಮಲಾಪುರದ ರಾಗ ಎಳೆದು, "ಹಾಜರ್ ರೀ ಸರ್" ಅನ್ನುತ್ತಿದ್ದ. ಎಂಬತ್ತು ಪರ್ಸೆಂಟ್ ಹಾಜರಿ ಇಲ್ಲದಿದ್ದರೆ ಹಾಲ್ ಟಿಕೆಟ್ ಇಲ್ಲ. ಎರಡು ತಿಂಗಳಿಂದ ಆ ಟಿಕೆಟ್ಟು ನದೀಮನ ಮೂಗಿನಲ್ಲಿತ್ತು.

ಒಂದು ಸೋಮವಾರ ಮೆಣಸಿನಕಾಯಿ ಲಾರಿ ಒಂದೇ ಬಂತು. ಬೇಗ ಇಳಿಸಿ ಶಿವಶರಣ ಒಂಬತ್ತಕ್ಕೇ ಬಂದು ಹಿಂದಿನ ಬೆಂಚಿನಲ್ಲಿ ಕುಳಿತ. ಮುಂದಿದ್ದ ನದೀಮ್ ನೋಡಲಿಲ್ಲ.

"ಶಿವಶರಣ."

"ಹಾಜರ್ ರೀ ಸರ್!" ಮುಂದಿನಿಂದ ಒಂದು, ಹಿಂದಿನಿಂದ ಒಂದು.

ಸರ್ ಪೆನ್ನು ನಿಂತಿತು, ತಲೆ ಏಳಲಿಲ್ಲ. "ಇಬ್ಬರೂ ಇನ್ನೊಮ್ಮೆ ಅನ್ರಿ."

ಇಬ್ಬರೂ ಅಂದರು.

"ಮುಂದಿನಾವ ಖರೇ. ಎರಡ ತಿಂಗಳಿಂದ ಕೇಳಾಕತ್ತೀನಿ, ನನ್ನ ಕಿವಿ ಮೋಸ ಹೋಗಂಗಿಲ್ಲ. ಹಿಂದಿನಾವ, ಯಾರಲೇ ನೀ? ಶಿವಶರಣನ ಮಿಮಿಕ್ರಿ ಮಾಡ್ತಿ?"

"ನಾನೇ ಶಿವಶರಣ ರೀ!"

"ದನಿ ಸ್ವಲ್ಪೂ ಹೊಂದಂಗಿಲ್ಲ. ಹೌದಿದ್ರ ಹೇಳು, ಹೋದ ವಾರ ಕಲಿಸೀನಿ. ಲೋಡ್ ಅಂದ್ರ ಏನು?"

"ಮಾಲಿನ ಮ್ಯಾಲ ಅದ ರೀ," ಎಂದ ಶಿವಶರಣ, ತಡವರಿಸದೆ. "ತೊಗರಿ ಐವತ್ತ ಕೇಜಿ. ಮೆಣಸಿನಕಾಯಿ ಹಗುರ, ಆದ್ರ ಉರಿ ಭಾಳ."

ಸರ್ ತಲೆ ಎತ್ತಿದರು. ಎದ್ದು ಹಿಂದಿನ ಬೆಂಚಿಗೆ ಬಂದರು. ಹುಡುಗನ ಕಾಲರಿನ ಕೆಂಪು ಧೂಳಿಗೆ ಮೂರು ಸಲ ಸೀನಿದರು. ಮನೆಯಲ್ಲಿ ದುಡ್ಡೆಂಬ ಅರ್ಥವಿಲ್ಲದ್ದಕ್ಕೆ ಇವನಿಗೆ ಅರ್ಥಿಂಗ್ ಪಾಠ ತಪ್ಪಿದೆ ಎಂದು ಆಗ ಅವರಿಗೆ ಅರ್ಥವಾಯಿತು.

"ನನಗ್ಯಾಕ ಹೇಳಲಿಲ್ಲ?"

"ಹೆಸರು ತೆಗೀತೀರಿ ಅಂತ ಅಂಜಿಕಿ ರೀ. ಹೊಡೀರಿ ಬೇಕಾದ್ರ, ಕಲಿಯೋದು ಮಾತ್ರ ಬಿಡಂಗಿಲ್ರೀ."

"ಲೇ ಹುಚ್ಚಪ್ಪ, ಮಧ್ಯಾಹ್ನ ಎರಡನೇ ಶಿಫ್ಟ್ ಅದ ಅಲ್ಲೋ! ಒಂದ ಅರ್ಜಿಗೆ ಮುಗೀತಿತ್ತು. ಈಗ್ಲೇ ಬರಿ." ಸರ್ ಮುಂದಕ್ಕೆ ತಿರುಗಿದರು. "ಮತ್ತ ನೀ ಯಾರಪಾ, ಖರೇ ಶಿವಶರಣ?"

"ನದೀಮ್ ರೀ," ಎಂದ ನದೀಮ್, ಮೂಗು ಬಿಟ್ಟು. "ಇವತ್ತ ನನಗ ಗೈರ್ ಹಾಕ್ರಿ."

ಸರ್ ಕೆಂಪು ಪೆನ್ನು ತೆಗೆದು ಶಿವಶರಣನ ಎರಡು ತಿಂಗಳ ಹಾಜರಿಯನ್ನೆಲ್ಲ ಗೈರು ಮಾಡಿದರು. ಒಂದೊಂದು ಗೀಟಿಗೂ ಅವನ ಮುಖ ಒಂದೊಂದು ಇಂಚು ಇಳಿಯಿತು. ಸರ್ ಅಂಚಿನಲ್ಲಿ ಕೂಡಿ, ಕಳೆದು, ಮತ್ತೆ ಕೂಡಿದರು.

"ಇನ್ನ ವರ್ಷದ ತುದಿಮಟ ಒಂದ ದಿನಾನೂ ತಪ್ಪದ ಬಂದ್ರ ಎಂಬತ್ತೊಂದ ಆಗ್ತದ."

ಶಿವಶರಣ ಕಣ್ಣರಳಿಸಿದ. "ಮ್ಯಾಲಿನ ಒಂದ ಪರ್ಸೆಂಟ್ ಏನ್ ಮಾಡ್ಲಿ ರೀ?"

"ಜ್ವರ ಬಂದ್ರ ಇರ್ಲಿ, ಇಟ್ಕೋ."