ಶಿವುವಿನ ಟಾಪಿಲ್ಲದ ಕಾರು

ಚನ್ನಪಟ್ಟಣದಲ್ಲಿ ಲೇತಿನ ಮೇಲೆ ಮರದ ಗೊಂಬೆ ಕಡೆಯುವವನಿಗೆ ಏನೇ ಮಾಡು ಅಂದರೂ ಮೊದಲು ಗಾಲಿ ಮಾಡುತ್ತಾನೆ. ಗಾಲಿ ದುಂಡಗಿರುತ್ತದೆ, ಲೇತಿಗೆ ಗೊತ್ತಿರುವುದು ದುಂಡಗಿನದೇ. ಶಿವಕಿರಣನೂ ಹಾಗೇ ಮಾಡಿದ. ಮರದ ಕಾರು ಎಷ್ಟುದ್ದ, ಎಷ್ಟಗಲ ಎಂದು ಲೆಕ್ಕ ಹಾಕುವ ಮೊದಲೇ ನಾಲ್ಕು ಗಾಲಿ ಕಡೆದು, ಅರಗು ಹಚ್ಚಿ, ತಾಳೆಗರಿ ಒತ್ತಿ ಫಳಫಳ ಅನ್ನಿಸಿ, ನನ್ನ ಮುಂದೆ ಇಟ್ಟ.

"ಹೆಂಗೈತೆ ನಿಖಾತಕ್ಕ?"

"ಮಕ್ಕಳು ಕಟ್ಟಿ ಎಳೆಯೋ ಬಂಡಿಗೆ ಸರಿಯಾಗೈತೆ," ಎಂದೆ.

ಅವನಿಗೆ ಕೋಪ ಬಂತು. ಬರಲಿ. ಈ ಅಂಗಡಿಯಲ್ಲಿ ಇರುವುದು ಎರಡೇ ಲೇತ್, ಒಂದು ಅವನದು, ಇನ್ನೊಂದರಲ್ಲಿ ನಾನು ಬಣ್ಣದ ಕೆಲಸ ಮಾಡುತ್ತೇನೆ. ಅಂಗಡಿ ಅವನದೇ ಆದರೂ ನಾನು ಅವನಿಗಿಂತ ಹತ್ತು ವರ್ಷ ದೊಡ್ಡವಳು, ಅವನ ಅಪ್ಪನ ಕಾಲದಿಂದ ಇಲ್ಲಿದ್ದೇನೆ. ಬಾಯಿ ಮುಚ್ಚಿಕೊಂಡಿರು ಅನ್ನಲು ಅವನಿಗೆ ಧೈರ್ಯವಿಲ್ಲ.

ಕಾರು ಯಾರೂ ಆರ್ಡರ್ ಕೊಟ್ಟದ್ದಲ್ಲ. ಅವನ ಹೆಂಡತಿ ಹೇಮಶ್ರೀ ಒಂದೂವರೆ ವರ್ಷದ ಹಿಂದೆ ಮಾಗಡಿಯ ತಮ್ಮನ ಮನೆಗೆ ಹೋದವಳು ವಾಪಸ್ ಬಂದಿಲ್ಲ. ಜಗಳವಿಲ್ಲ, ಕೂಗಾಟವಿಲ್ಲ, ಕುಡಿತವಿಲ್ಲ. ಹಬ್ಬಕ್ಕೆ ಹೋದಳು, ಅಲ್ಲೇ ಉಳಿದಳು. ಯಾಕೆ ಎಂದು ಅವನಿಗೆ ಗೊತ್ತಿಲ್ಲ. ಹಿರಿಯರು ಎರಡು ಸಲ ಕೂತು ಮಾತಾಡಿ, ಕಾಫಿ ಕುಡಿದು ಎದ್ದು ಹೋದರು. ಈಗ ಅವಳ ತಮ್ಮ ಲೋಕೇಶ ಫೋನ್ ಮಾಡಿದ್ದ. ಅಕ್ಕ ಯುಗಾದಿ ಆದ ಮೇಲಿನ ಭಾನುವಾರ ಬಂದು ಹೊಲಿಗೆ ಮಿಷಿನ್ ತಗೊಂಡು ಹೋಗುತ್ತಾಳೆ, ಮಾಗಡಿಯಲ್ಲಿ ಅಂಗಡಿ ಹಾಕುತ್ತಾಳೆ ಎಂದು.

ಬಟ್ಟೆಬರೆ ತಗೊಂಡು ಹೋದ ಹೆಂಗಸು ಮರಳಿ ಬಂದಾಳು. ಹೊಲಿಗೆ ಮಿಷಿನ್ ತಗೊಂಡು ಹೋದವಳು ಬರುವುದಿಲ್ಲ. ಅದು ಶಿವುವಿಗೂ ಗೊತ್ತಿತ್ತು. ಅವಳು ಬರುವಷ್ಟರಲ್ಲಿ ಕಾರು ಮಾಡಿ ಮುಗಿಸಿ ಕೈಗೆ ಕೊಟ್ಟರೆ ಮಿಷಿನ್ ಇಲ್ಲೇ ಉಳಿಯುತ್ತದೆ ಎನ್ನುವುದು ಅವನ ಲೆಕ್ಕ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ.

ಯಾವ ಕಾರು ಎಂದು ಕೇಳಬೇಕಿರಲಿಲ್ಲ. ಆ ಕಾರಿನ ಕಥೆ ಕೇಳಿ ಕೇಳಿ ಅಂಗಡಿಯ ಗೋಡೆಗೂ ಬಾಯಿಪಾಠವಾಗಿದೆ. ಅವರ ಮದುವೆ ಮಾಗಡಿಯಲ್ಲಿ ಆದದ್ದು. ಕನಕಪುರದಿಂದ ಒಂದು ಹಳೇ ಫಾರಿನ್ ಕಾರು ತರಿಸಿದ್ದರು. ಕೆಂಪು ಬಣ್ಣ, ಎರಡೇ ಬಾಗಿಲು, ಮೇಲೆ ಬಟ್ಟೆಯ ಟಾಪು. ಅದನ್ನು ಹಿಂದಕ್ಕೆ ಮಡಚಿದರೆ ಕಾರು ಆಕಾಶಕ್ಕೆ ಬಾಯಿಬಿಟ್ಟುಕೊಂಡು ಕೂರುತ್ತದೆ. ಸೋಮೇಶ್ವರನ ಗುಡಿಯಿಂದ ಛತ್ರದವರೆಗೆ ಮೆರವಣಿಗೆ. ಕೋಟೆಯ ಹತ್ತಿರ ಇಳಿಜಾರಿನಲ್ಲಿ ಬ್ಯಾಂಡಿನವರು ಪಟ್ಟಾಗಿ ಬಾರಿಸಿದಾಗ ಕಾರು ಗಕ್ಕನೆ ಅಲುಗಾಡಿ, ಹೇಮ ಇವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಆವತ್ತಿನ ಹಿಡಿತ ಇವತ್ತೂ ಇಲ್ಲೈತೆ ಕಣಕ್ಕ," ಎಂದು ಮಣಿಕಟ್ಟು ತೋರಿಸಿಯೇ ಕಥೆ ಮುಗಿಸುತ್ತಿದ್ದ. ಗಂಡಸರು ಹೀಗೆ ಮಾತಾಡುವುದು ಅಪರೂಪ. ಅದಕ್ಕೇ ನಾನು ಪ್ರತಿ ಸಲವೂ ಹೊಸದಾಗಿ ಕೇಳಿದಂತೆ ಕೇಳುತ್ತಿದ್ದೆ.

ಮದುವೆಯ ಆಲ್ಬಮ್ಮನ್ನು ಹೇಮ ಜೊತೆಗೇ ತಗೊಂಡು ಹೋಗಿದ್ದಳು. ಹಾಗಾಗಿ ಗಾಲಿಗೆ ನಾನು ನಕ್ಕ ಮೇಲೆ ಇಬ್ಬರೂ ಬಸ್ ಹತ್ತಿ ಕನಕಪುರಕ್ಕೆ ಹೋದೆವು. ಕಾರಿನ ಯಜಮಾನರು ಬೋರಲಿಂಗಯ್ಯ ಎಂಬ ವಯಸ್ಸಾದ ಗೌಡರು. ಈಗ ಮದುವೆಗಳಿಗೆ ಬಾಡಿಗೆ ಕೊಡುವುದನ್ನು ಬಿಟ್ಟು, ರೇಷ್ಮೆ ಹುಳು ಸಾಕುತ್ತಿದ್ದ ಹಳೇ ಮನೆಯಲ್ಲಿ ಕಾರು ನಿಲ್ಲಿಸಿದ್ದರು. ಗೋಡೆಗೆ ಒರಗಿಸಿದ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳ ನಡುವೆ ಅದು ಧೂಳು ಹೊದ್ದು ನಿಂತಿತ್ತು. ಶಿವು ಧೂಳು ಒರೆಸಿದ ರೀತಿ ನೋಡಿ ನನಗೆ ಕಣ್ಣು ತುಂಬಿತು. ಆ ಬಾನೆಟ್ಟಿಗೆ ಜ್ವರ ಬಂದಿದೆಯೇನೋ ಅನ್ನುವ ಹಾಗೆ ಒರೆಸುತ್ತಿದ್ದ.

"ಯಾವ ವರ್ಸ್ದಲ್ಲಪ್ಪ ನಿಮ್ಮ ಮದ್ವೆ?" ಎಂದು ಗೌಡರು ಕೇಳಿದರು. ಶಿವು ಹೇಳಿದ.

"ಗಂಡಿನ ಮೆರವಣಿಗೆಗೋ, ಇಲ್ಲ ಹೆಣ್ಣು-ಗಂಡು ಜೊತೇಲೋ?"

"ಜೊತೇಲೇ ಸಾಮಿ."

"ಇರ್ಬೋದು. ಎಷ್ಟು ಮದ್ವೆ ಅಂತ ನ್ಯಾಪ್ಕ ಮಡಿಕಳ್ಳಾನ," ಎಂದು ಗೌಡರು ನಮಗೆ ಮಜ್ಜಿಗೆ ತರಿಸಿದರು.

ಅಳತೆ ಹಿಡಿದಾಗ ಗೊತ್ತಾಯಿತು, ಶಿವುವಿನ ಗಾಲಿಗಳು ಕಾರಿನ ಅಳತೆಗೆ ಇರಬೇಕಾದದ್ದಕ್ಕಿಂತ ಎರಡು ಪಟ್ಟು ದಪ್ಪ. ಆ ಅಳತೆಯಲ್ಲಿ ಕಾರು ಕಟ್ಟಿದ್ದರೆ ಹಸು ಹಾಕಿದ ಕರುವಿಗೆ ಆನೆ ಕಾಲು ಬಂದಂತಾಗುತ್ತಿತ್ತು. ಗಾಲಿಗಳನ್ನು ಮೂಲೆಗೆ ಎಸೆದು ಹೊಸದಾಗಿ ಶುರು ಮಾಡಿದ. ಹತ್ತರಲ್ಲಿ ಒಂದು ಪಾಲಿನ ಅಳತೆ. ಗೊಂಬೆಗೆಂದು ಒಣಗಿಸಿಟ್ಟ ಆಲೆಮರದ ದಿಮ್ಮಿಯನ್ನು ಸೀಳಿ, ಉಳಿ ಹಿಡಿದು ಬಾಡಿ ಕೆತ್ತಿದ.

ನಮ್ಮ ಕೈಗೆ ಚೂಪು ಗೊತ್ತಿಲ್ಲ. ಮಗು ಬಾಯಿಗೆ ಹಾಕುತ್ತದೆ, ಕಣ್ಣಿಗೆ ಚುಚ್ಚಿಕೊಳ್ಳುತ್ತದೆ ಎಂದು ಎಲ್ಲ ಅಂಚನ್ನೂ ದುಂಡಗೆ ಮಾಡಿ ಮಾಡಿ ರೂಢಿ. ಆ ಕಾರಿನ ಬಾಗಿಲು, ಮುಂದಿನ ಗಾಜಿನ ಚೌಕಟ್ಟು, ಹಿಂದಿನ ರೆಕ್ಕೆಗಳು ಎಲ್ಲವೂ ಚಾಕುವಿನ ಹಾಗೆ ಚೂಪು. ಶಿವು ಚೂಪಾಗಿ ಕೆತ್ತುತ್ತಿದ್ದ, ಮರಳು ಕಾಗದ ಹಿಡಿದ ಕೂಡಲೇ ಕೈ ತಾನಾಗಿಯೇ ದುಂಡಗೆ ಮಾಡಿಬಿಡುತ್ತಿತ್ತು. ಗಾಜಿನ ಚೌಕಟ್ಟನ್ನು ಅದೆಷ್ಟು ಸಲ ಕೆತ್ತಿ ಎಸೆದನೋ. "ಅಕ್ಕ, ನನ್ ಕೈಗೆ ಹೇಳು ಒಸಿ," ಎನ್ನುತ್ತಿದ್ದ. ಅರಗಿನದೂ ಅದೇ ಪಾಡು. ಅರಗು ಕರಗಿ ಹಿಡಿಯುವುದು ಗಿರಗಿರ ತಿರುಗಿ ಬಿಸಿಯಾದ ಮರಕ್ಕೆ, ಕಾರಿನ ಬಾಡಿ ಎಲ್ಲಿ ತಿರುಗುತ್ತದೆ? ಕೊನೆಗೆ ಹೈವೇ ಪಕ್ಕದ ಸಾದಿಕ್‌ನ ಗ್ಯಾರೇಜಿಗೆ ಹೋಗಿ ನಿಜವಾದ ಕಾರಿಗೆ ಹೊಡೆಯುವ ಕೆಂಪು ಪೇಂಟನ್ನೇ ಹೊಡೆಸಿಕೊಂಡು ಬಂದ. ಅವನ ಅಪ್ಪ ಬದುಕಿದ್ದಿದ್ದರೆ ಕೆನ್ನೆಗೆ ಬಾರಿಸುತ್ತಿದ್ದ.

ಆದರೆ ಸತ್ಯ ಹೇಳಬೇಕು, ಕಾರು ಚೆನ್ನಾಗಿ ಬಂತು. ಸ್ಟಿಯರಿಂಗ್ ತಿರುಗಿಸಿದರೆ ಮುಂದಿನ ಗಾಲಿ ತಿರುಗುತ್ತಿತ್ತು. ಟಾಪಿಗೆ ಹೇಮಳ ಹಳೇ ಕೊಡೆಯ ಬಟ್ಟೆ ಹಾಕಿದ್ದ, ಮಡಚಿದರೆ ಸೀಟಿನ ಹಿಂದೆ ಅಚ್ಚುಕಟ್ಟಾಗಿ ಕೂರುತ್ತಿತ್ತು. ಡ್ಯಾಶ್‌ಬೋರ್ಡಿನ ಮುಳ್ಳುಗಳನ್ನು ಹಲ್ಲುಕಡ್ಡಿಯ ತುದಿಯಲ್ಲಿ ಬರೆದಿದ್ದ. ಆ ದಿನಗಳಲ್ಲಿ ನಾನು ಏನು ಮಾತಾಡಿದರೂ ಅವನಿಗೆ ಕೇಳಿಸುತ್ತಿರಲಿಲ್ಲ. ಲೇತ್ ಓಡುವಾಗ ಯಾರಿಗೂ ಕೇಳಿಸುವುದಿಲ್ಲ, ನಿಜ. ಇವನಿಗೆ ಲೇತ್ ನಿಂತ ಮೇಲೂ ಕೇಳಿಸುತ್ತಿರಲಿಲ್ಲ. ಊಟಕ್ಕೆ ಅಂಗಡಿಯ ಹಿಂದಿನ ಮನೆಗೆ ಹೋಗಿ, ಬೆಳಿಗ್ಗೆ ಬೇಯಿಸಿದ ಅನ್ನವನ್ನು ಪಾತ್ರೆಯಿಂದಲೇ ತಿಂದು ಬರುತ್ತಿದ್ದ. ಮುಚ್ಚಳ ಬೀಳುವ ಸದ್ದು, ಆಮೇಲೆ ನಲ್ಲಿ ಸದ್ದು, ಅಷ್ಟೇ. ಒಬ್ಬಂಟಿಯ ಊಟ ಎಷ್ಟು ಬೇಗ ಮುಗಿಯುತ್ತದೆ ಎನ್ನುವುದು ನನಗೆ ಚೆನ್ನಾಗಿ ಗೊತ್ತು.

ಕೊನೆಗೆ ಎರಡು ಗೊಂಬೆ ಕಡೆದ, ಪೇಟದ ಗಂಡು, ಸೆರಗು ಹೊದ್ದ ಹೆಣ್ಣು. ಅವಕ್ಕೆ ಮಾತ್ರ ನಾನೇ ಅರಗು ಹಚ್ಚಿದೆ. ನಮ್ಮ ಗೊಂಬೆಗಳಿಗೆ ಕಾಲಿರುವುದಿಲ್ಲ. ಕೂರಿಸಿದರೆ ಕೂತಂತೆ, ನಿಲ್ಲಿಸಿದರೆ ನಿಂತಂತೆ. ಹಿಂದಿನ ಸೀಟಿನಲ್ಲಿ ಎರಡನ್ನೂ ಪಕ್ಕಪಕ್ಕ ಕೂರಿಸಿದ.

ಭಾನುವಾರ ಮಧ್ಯಾಹ್ನ ಹೇಮಶ್ರೀ ಲಗೇಜ್ ಆಟೋದಲ್ಲಿ ಬಂದಳು. ಸ್ವಲ್ಪ ದಪ್ಪಗಾಗಿದ್ದಳು, ಅದು ಅವಳಿಗೆ ಒಪ್ಪುತ್ತಿತ್ತು. ನಾನು ಹೋಗುತ್ತೇನೆ ಎಂದು ಎದ್ದರೆ ಶಿವು ಕಣ್ಣಲ್ಲೇ ಬೇಡ ಎಂದ.

"ಚೆನ್ನಾಗಿದೀರಾ ಅಕ್ಕ?" ಎಂದು ನನ್ನನ್ನು ಕೇಳಿ, ಆಮೇಲೆ ಗಂಡನ ಕಡೆ ತಿರುಗಿ, "ಮಿಷಿನ್ನು ಒಳಗೇ ಐತಾ?" ಎಂದಳು.

"ಐತೆ. ಅದುಕ್ಕೆ ಮೊದ್ಲು ಇಲ್ನೋಡು," ಎಂದು ಶಿವು ಮೇಜಿನ ಮೇಲಿದ್ದ ಬಟ್ಟೆ ತೆಗೆದ.

ಹೇಮ ಬಗ್ಗಿದಳು. ಬಾಗಿಲು ತೆಗೆದು ಮುಚ್ಚಿದಳು, ಟಾಪು ಎತ್ತಿ ಇಳಿಸಿದಳು. ಅವಳ ಮುಖ ಮೆತ್ತಗಾದದ್ದನ್ನು ನಾನು ಕಣ್ಣಾರೆ ಕಂಡೆ. ಆಯಿತು, ಈ ಹುಚ್ಚ ಗೆದ್ದ ಎಂದುಕೊಂಡೆ.

"ನಮ್ಮ ಮದ್ವೆ ಕಾರು," ಎಂದಳು.

"ಹೂಂ. ನಾನು, ನೀನು."

ಅವಳು ಆ ಹೆಣ್ಣು ಗೊಂಬೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎರಡು ಬೆರಳಿನಲ್ಲಿ ಅದನ್ನು ಸೀಟಿನಿಂದ ಎತ್ತಿ, ಕಾರಿನ ಮುಂದೆ, ಒಂದು ಗೇಣು ದೂರದಲ್ಲಿ, ಮೇಜಿನ ಮೇಲೆ ನಿಲ್ಲಿಸಿದಳು.

"ನಾನು ಇಲ್ಲಿದ್ದೆ," ಎಂದಳು. "ಛತ್ರದ ಬಾಗ್ಲಲ್ಲಿ. ಕಳಸ ಹಿಡ್ಕಂಡಿದ್ದೋರ ಹಿಂದೆ ನಿಂತು ನೋಡ್ತಿದ್ದೆ."

ಶಿವುವಿಗೆ ಅರ್ಥವಾಗಲಿಲ್ಲ. ನನಗೆ ತಟ್ಟನೆ ಆಯಿತು. ಅವರಲ್ಲಿ ಮದುವೆಯ ಹಿಂದಿನ ಸಂಜೆ ಗುಡಿಯಿಂದ ಛತ್ರಕ್ಕೆ ಮೆರವಣಿಗೆ ಬರುವುದು ಗಂಡು ಮಾತ್ರ. ಅವನ ಪಕ್ಕ ಕೂರುವುದು ಹೆಣ್ಣಿನ ತಮ್ಮ. ಇಷ್ಟು ವರ್ಷ ಆ ಕಥೆ ಕೇಳಿದ ನನಗೂ ಅದು ಹೊಳೆದಿರಲಿಲ್ಲ.

"ಅದು ಹಿಂದಿನ್ ದಿನ. ಮಾರ್ನೆ ದಿನ ಧಾರೆ ಆದ್ಮೇಲೆ ಇಬ್ರೂ ಅದ್ರಲ್ಲೇ ಬಂದೋ," ಎಂದ ಶಿವು.

"ಮಾರ್ನೆ ದಿನ ಅದು ಸ್ಟಾರ್ಟೇ ಆಗ್ಲಿಲ್ಲ. ಹೂವೆಲ್ಲ ಕಟ್ಟಿದ್ರು. ನಾನು ಬಾಗ್ಲು ತೆಗ್ದು ಒಂದ್ ಕಾಲು ಒಳಗಿಟ್ಟಿದ್ದೆ, ನಿಮ್ಮ ಮಾವ ಇಳಿಯಮ್ಮ ಅಂದ್ರು. ವ್ಯಾನಲ್ಲಿ ಬಂದೋ. ಚಾಪೆ, ಪಾತ್ರೆ, ಜನ. ನೀವು ಮುಂದ್ಗಡೆ ಕುಂತಿದ್ರಿ." ಅವಳು ಜಗಳದ ದನಿಯಲ್ಲಿ ಹೇಳುತ್ತಿರಲಿಲ್ಲ, ಅದೇ ಕಷ್ಟವಾಗಿತ್ತು. "ಟಾಪಿಲ್ಲದ ಕಾರು ಬೇಕು ಅಂತ ಅಪ್ಪನತ್ರ ಹಟ ಮಾಡಿದ್ದು ನಾನು. ನಾನೇ ಕೂರ್ಲಿಲ್ಲ."

ಶಿವು ಮಣಿಕಟ್ಟು ಹಿಡಿದುಕೊಂಡು ನಿಂತಿದ್ದ.

"ಮತ್ತೆ ಕೋಟೆ ಹತ್ರ, ಇಳಿಜಾರಲ್ಲಿ... ಕೈ ಹಿಡ್ಕಂಡಿದ್ದು?"

"ಲೋಕೇಶ ಇರ್ಬೇಕು. ಅವ್ನಿಗೆ ಆಗ ಕಾರು ಅಂದ್ರೆ ಭಯ."

ಅಲ್ಲಾಹ್ ನನ್ನನ್ನು ಕ್ಷಮಿಸಲಿ, ನನಗೆ ನಗು ಬಂದುಬಿಟ್ಟಿತು. ಹೇಮಳಿಗೂ ಬಂತು. ಶಿವು ನಗುತ್ತಾನೇನೋ ಎಂದು ಇಬ್ಬರೂ ನೋಡಿದೆವು. ಅವನು ತನ್ನ ಕೈಯನ್ನು ಬೇರೆ ಯಾರದೋ ಕೈ ಅನ್ನುವ ಹಾಗೆ ನೋಡುತ್ತಿದ್ದ. ನಮ್ಮ ನಗು ಅಲ್ಲೇ ಒಣಗಿತು.

"ನೀನು ಹೇಳ್ಬೋದಿತ್ತಲ್ಲ ಹೇಮ," ಎಂದ.

"ಎರಡ್ ಸಲ ಹೇಳ್ದೆ. ಒಂದ್ ಸಲ ಇಲ್ಲೇ, ಅಕ್ಕ ಆವತ್ತು ರಜ. ನೀವು ಹೂಂ ಅಂದ್ರಿ. ಮಾರ್ನೆ ದಿನ ಯಾರೋ ಗಿರಾಕಿ ಮುಂದೆ ಅದೇ ಕಥೆ ಹೇಳಿದ್ರಿ. ಆಮೇಲೆ ಬುಟ್ಟೆ." ಸೆರಗಿನಿಂದ ಬೆರಳಿನ ಧೂಳು ಒರೆಸಿಕೊಂಡಳು. "ಕಾರು ಚೆನ್ನಾಗೈತೆ. ನಿಮ್ಮ ಕೈಯಲ್ಲಿ ಏನೂ ತಪ್ಪಿಲ್ಲ."

"ಇನ್ನೇನು ಹೇಳಿದ್ದೆ? ನಾನು ಕೇಳಿಸ್ಕಳ್ದೆ ಇದ್ದದ್ದು ಏನೇನು? ಹೇಳು."

"ಹೇಳ್ತಾ ಕುಂತ್ರೆ ಕತ್ಲಾಯ್ತದೆ."

"ಆಗ್ಲಿ," ಎಂದ ಶಿವು.

ಕುರ್ಚಿ ಅವಳ ಹತ್ತಿರವೇ ಇತ್ತು. ಕೂತುಕೋ ತಾಯಿ, ಕೂತುಕೋ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಹೊರಗೆ ಆಟೋದವನು ಹಾರ್ನ್ ಮಾಡಿದ. "ನೀವು ಹಿಂಗೆ ಕೇಳ್ಲಿ ಅಂತ ಇಷ್ಟ್ ದಿನ ಕಾದೆ," ಎಂದಳು, "ಈಗ ಸಾಕಾಗೈತೆ ಕಣ್ರೀ." ಕಣ್ಣಲ್ಲಿ ನೀರಿತ್ತು. ಆದರೆ ಒಳಗೆ ಹೋದಳು. ಮಿಷಿನ್ನಿನ ಒಂದು ಕಡೆಯನ್ನು ಅವಳು ಹಿಡಿದಳು, ಇನ್ನೊಂದು ಕಡೆಯನ್ನು ಶಿವುವೇ ಹಿಡಿದ. ಹೊಸ್ತಿಲು ದಾಟಿಸುವಾಗ "ಹುಷಾರು, ಕಾಲು" ಎಂದು ಇಬ್ಬರೂ ಒಟ್ಟಿಗೇ ಅಂದರು. ಆಟೋ ಹೋಯಿತು.

ಶಿವು ಬಂದು ಮೆಟ್ಟಿಲ ಮೇಲೆ ಕೂತ. ನಾನು ಕಸ ಗುಡಿಸುವ ನೆಪದಲ್ಲಿ ಅಲ್ಲಿಲ್ಲಿ ಓಡಾಡಿದೆ. ಬಿಸಿಲು ಇಳಿದ ಮೇಲೆ ಅವನು ತಲೆ ಎತ್ತಿದ.

"ಅಕ್ಕ, ನೀನು ಹೇಳಿದ್ದನ್ನೂ ನಾನು ಕೇಳಿಸ್ಕಂಡಿಲ್ವಾ?"

"ಬೇಕಾದಷ್ಟು," ಎಂದೆ.

"ಹೇಳು. ಈಗ ಕೇಳ್ತೀನಿ."

ಹೇಳುವುದು ಎಷ್ಟಿತ್ತು! ಗಂಡ ಸತ್ತ ವರ್ಷದ್ದು, ಮಗಳು ಹಾಜಿರಾ ರಾಮನಗರಕ್ಕೆ ಮದುವೆಯಾಗಿ ಹೋದ ಮೇಲಿನದ್ದು, ಸಂಜೆ ಖಾಲಿ ಮನೆಯ ಬೀಗ ತೆಗೆಯುವಾಗಿನದ್ದು. ಮರದ ಪುಡಿ ಹಾರುತ್ತಿದ್ದಾಗ ಎಷ್ಟೋ ಸಲ ಅವನಿಗೆ ಹೇಳಿದ್ದೆ, ಕೇಳಿಸುವುದಿಲ್ಲ ಎಂಬ ಧೈರ್ಯದಲ್ಲೇ ಹೇಳಿದ್ದೆ. ಈಗ ಅವನು ನನ್ನ ಮುಖವನ್ನೇ ನೋಡುತ್ತಾ ಕಾದು ಕೂತಿದ್ದ. ಇಷ್ಟು ವರ್ಷಗಳಲ್ಲಿ ನನ್ನನ್ನು ಹಾಗೆ ಯಾರೂ ಕೇಳಿರಲಿಲ್ಲ. ಬಾಯಿ ತೆರೆದೆ. ಪೊರಕೆ ಮೂಲೆಗಿಟ್ಟೆ.

"ಏನಿಲ್ಲ ಬುಡಪ್ಪ," ಎಂದೆ. "ಬಾ, ನಮ್ಮನೇಲಿ ಒಂದ್ ತುತ್ತು ಉಂಡು ಹೋಗೋವಂತೆ."