ಹತ್ತಕ್ಕೆ ಎಷ್ಟು?

ಮೊಟ್ಟೆ, ಸಕ್ಕರೆ, ಜೊತೆಗೆ ತಳ ಹಿಡಿದ ಹಿಟ್ಟಿನ ಸಣ್ಣ ಕಮಟು. ಸುಹುಯಿ ಏಳು ವರ್ಷದವಳಿದ್ದಾಗ ಶನಿವಾರದ ಮಧ್ಯಾಹ್ನಗಳಿಗೆಲ್ಲ ಇದೇ ವಾಸನೆ ಇರುತ್ತಿತ್ತು. ಈಗ ಊದುಬತ್ತಿಯ ಹೊಗೆಯನ್ನು ಸೀಳಿಕೊಂಡು ಅದು ಹಜಾರಕ್ಕೆ ಬಂದಾಗ, ನಾಣ್ಯ ಎಸೆಯಲು ಎತ್ತಿದ್ದ ಅವಳ ಕೈ ಅರ್ಧಕ್ಕೇ ನಿಂತಿತು.

"ಎಸೀ ಮಾರಾಯ್ತಿ, ಕೈಯಲ್ಲಿ ಇಟ್ಕೊಂಡು ಧ್ಯಾನ ಮಾಡ್ಬೇಡ," ಎಂದಳು ಚಿಕ್ಕಮ್ಮ.

ಎರಡು ನಾಣ್ಯಗಳು ನೆಲಕ್ಕೆ ಬಿದ್ದು, ಉರುಳಿ, ಅಮ್ಮ ಮಲಗಿದ್ದ ಪೆಟ್ಟಿಗೆಯ ಕೆಳಗಿನ ಮಣೆಗೆ ತಾಗಿ ನಿಂತವು. ಎರಡರದೂ ಬೆನ್ನೇ ಮೇಲೆ. ಅಂದರೆ, ಇಲ್ಲ. ಒಂದು ಮುಖ, ಒಂದು ಬೆನ್ನು ಬಿದ್ದಿದ್ದರೆ 'ಹೌದು, ಉಂಡೆ, ಸಾಕು' ಎಂದು ಅಮ್ಮ ಹೇಳಿದ ಹಾಗೆ.

"ಮೂರು ಸಲ ಆಯ್ತು," ಎಂದು ಪುರೋಹಿತರು ಕೈಗಡಿಯಾರ ನೋಡಿಕೊಂಡರು. ಕಪ್ಪು ನಿಲುವಂಗಿಯ ಕೆಳಗೆ ಅವರ ಓಟದ ಶೂ ಇಣುಕುತ್ತಿತ್ತು. "ಪೆಟ್ಟಿಗೆ ಮುಚ್ಚೋ ಮುಹೂರ್ತ ಹನ್ನೊಂದಕ್ಕೆ. ಅಷ್ಟರೊಳಗೆ ಅಮ್ಮನ್ನ ಒಪ್ಪಿಸ್ಕೊಳ್ಳಿ. ಹಸ್ಕೊಂಡು ಹೊರಟೋರು ದಾರಿಯುದ್ದಕ್ಕೂ ತಿರುಗಿ ತಿರುಗಿ ನೋಡ್ತಾರೆ."

ಚಿಕ್ಕಮ್ಮನಿಗೆ ರೇಗಿತು. "ಅನ್ನ ಇಟ್ಟಿದೀವಿ, ಕರಿದ ತೋಫು ಇಟ್ಟಿದೀವಿ. ಅಣಬೆ ಪಲ್ಯ ನಾನೇ ಕೈಯಾರೆ ಮಾಡಿದ್ದು. ಇನ್ನೇನು ಬೇಕಂತೆ ನಮ್ಮಕ್ಕನಿಗೆ?"

"ನೀನು ಮಾಡಿದ್ದು ಅಂತಾನೇ ಬೇಡ ಅಂತಿರಬೇಕು ಚಿಕ್ಕಮ್ಮ!" ಒಳಗಿನ ಅಡುಗೆಮನೆಯಿಂದ ಸುಹುಯಿಯ ತಮ್ಮ ಬಿಂಗ್‌ತೋ ಕೂಗಿದ.

"ಬಾಯ್ಮುಚ್ಚೋ! ಹೆತ್ತವಳನ್ನ ಇಲ್ಲಿ ಮಲಗಿಸ್ಕೊಂಡು ಆಡೋ ಮಾತಾ ಅದು? ಒಳಗೇನು ಮಾಡ್ತಿದೀಯ?"

"ಕೇಕು."

ಗಲ್ಲಿಗೆ ಅಡ್ಡಲಾಗಿ ಕಟ್ಟಿದ್ದ ನೀಲಿ ಪಟ್ಟೆಯ ಶಾಮಿಯಾನದಡಿ ಕಾಗದದ ತಾವರೆ ಮಡಿಸುತ್ತ ಕೂತಿದ್ದ ನೆರೆಮನೆಯ ಹೆಂಗಸರು ಕತ್ತೆತ್ತಿ ನೋಡಿದರು. ಬಿಂಗ್‌ತೋ ಬಾಗಿಲಿಗೆ ಬಂದ. ಐವತ್ತರ ಹತ್ತಿರದ ದಪ್ಪ ಮನುಷ್ಯ. ಸೂತಕದ ಒರಟು ಸೆಣಬಿನ ಅಂಗಿಯ ಎದೆಯ ಮೇಲೆಲ್ಲ ಮೈದಾಹಿಟ್ಟು.

"ಅಮ್ಮನಿಗೆ ಅಣಬೆ ಯಾವತ್ತು ಸೇರ್ತಿತ್ತು?" ಎಂದ ಅವನು. "ಅಕ್ಕ, ನೀನೇ ಹೇಳು."

ಸುಹುಯಿ ನಾಣ್ಯಗಳನ್ನು ಹೆಕ್ಕಿಕೊಂಡಳು. ಅಮ್ಮ ಯಾಕೆ ಒಪ್ಪುತ್ತಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅದು ಅಣಬೆಯ ತಪ್ಪಲ್ಲ. ಅಮ್ಮ ಹಸಿದು ಹೊರಟಿದ್ದರೆ, ಉಪವಾಸ ಕೆಡವಿದ್ದು ತಾನೇ.

*

ಅಮ್ಮನ ಹೆಸರು ಬಿಚೂ. ಆ ಹೆಂಗಸಿನ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದು ಬಹಳ ಇರಲಿಲ್ಲ. ತೈನಾನಿನ ಹಳೆಯ ಪೇಟೆಯ ಈ ಓಣಿಯಲ್ಲೇ ಐವತ್ತೆಂಟು ವರ್ಷ ಇದ್ದಳು. ಶಾಲೆಯ ಸಮವಸ್ತ್ರಗಳಿಗೆ ಕಾಜ ಹೊಲಿದಳು. ಗಂಡ ದೂರಸಮುದ್ರದ ಮೀನುಹಡಗಿನವನು. ಹೋದರೆ ಎರಡು ವರ್ಷಕ್ಕೊಮ್ಮೆ ಬರುತ್ತಿದ್ದ, ಒಮ್ಮೆ ಹೋದವನು ಬರಲೇ ಇಲ್ಲ. ಆದರೆ ಆಕೆಗೆ ಶನಿವಾರಗಳಿದ್ದವು.

ಶನಿವಾರ ಶಾಲೆ ಅರ್ಧ ದಿನ. ಮಕ್ಕಳು ಚೀಲ ಎಸೆದು ಬರುವ ಹೊತ್ತಿಗೆ ಆಕೆ ಸ್ಕೂಟರ್ ಹೊರಗೆ ತೆಗೆದಿರುತ್ತಿದ್ದಳು. ಬಿಂಗ್‌ತೋ ಮುಂದೆ ನಿಂತುಕೊಳ್ಳಬೇಕು, ಸುಹುಯಿ ಹಿಂದೆ ಕೂತು ಅಮ್ಮನ ಸೊಂಟ ತಬ್ಬಿಕೊಳ್ಳಬೇಕು. ಅಮ್ಮನ ಬೆನ್ನಿಗೆ ಕೆನ್ನೆ ಒತ್ತಿದರೆ ಹೊಸ ಬಟ್ಟೆಯ ಗಂಜಿಯ ವಾಸನೆ. ಒಂದು ವಾರ ಬಟ್ಟಲಲ್ಲಿ ಬೇಯಿಸಿದ ಅಕ್ಕಿಹಿಟ್ಟಿನ ಕಡುಬು, ಮತ್ತೊಂದು ವಾರ ಸೀಗಡಿ ರೊಟ್ಟಿ, ಇನ್ನೊಂದು ವಾರ ಶೇಂಗಾ ಪುಡಿ ಉದುರಿಸಿದ ಸುರುಳಿ. ಎಲ್ಲಿಗೆ ಹೋದರೂ ಕೊನೆಯ ನಿಲುಗಡೆ ಮಾತ್ರ ಹಾಯ್ ಮಾವನ ಗಾಡಿ. ಅವನು ಮಾರುತ್ತಿದ್ದುದು ತೌಹ್ವೆ: ಸೋಯಾ ಹಾಲನ್ನು ಮೊಸರಿನ ಹಾಗೆ ಹೆಪ್ಪುಗಟ್ಟಿಸಿ, ತೆಳ್ಳಗೆ ಪದರ ಪದರವಾಗಿ ಬಟ್ಟಲಿಗೆ ಜಾರಿಸಿ, ಮೇಲೆ ಶುಂಠಿ ಹಾಕಿ ಕುದಿಸಿದ ಪಾಕ ಹುಯ್ದು, ಒಂದು ಹಿಡಿ ಬೆಂದ ಕಡಲೆಕಾಯಿ ಬೀಜ ಹಾಕಿ ಕೊಡುತ್ತಿದ್ದ.

"ಒಂದು ಬಟ್ಟಲು, ಮೂರು ಚಮಚ," ಎನ್ನುತ್ತಿದ್ದಳು ಅಮ್ಮ.

ಆದರೆ ತಾನು ಮಾತ್ರ ಕೂಡಲೇ ಚಮಚ ಮುಟ್ಟುತ್ತಿರಲಿಲ್ಲ. ಗಲ್ಲಕ್ಕೆ ಕೈ ಕೊಟ್ಟು ಮಕ್ಕಳ ಮುಖವನ್ನೇ ನೋಡುತ್ತ ಕೂರುತ್ತಿದ್ದಳು. ಮೊದಲ ತುತ್ತು ಗಂಟಲಿಗೆ ಇಳಿಯುವ ಮೊದಲೇ ಕೇಳುತ್ತಿದ್ದಳು, "ಹ್ಞಾಂ, ಹೇಳಿ. ಹತ್ತಕ್ಕೆ ಎಷ್ಟು?"

ಮಕ್ಕಳು ಮಾರ್ಕು ಕೊಡದೆ ಅಮ್ಮ ತಿನ್ನುವುದಿಲ್ಲ. ಅದು ಕಾನೂನು. ಸುಮ್ಮನೆ 'ಚೆನ್ನಾಗಿದೆ' ಎನ್ನುವಂತಿಲ್ಲ. ಪಾಕಕ್ಕೆ ಶುಂಠಿ ಜಾಸ್ತಿಯಾಗಿದೆ, ಬೀಜ ಇನ್ನೊಂದು ಕುದಿ ಬೇಯಬೇಕಿತ್ತು, ಅದಕ್ಕೇ ಏಳು, ಎಂದು ಕಾರಣ ಹೇಳಬೇಕು. ಗಾಡಿಯ ಆಚೆಯಿಂದ ಹಾಯ್ ಮಾವ ಸೌಟು ಎತ್ತಿಕೊಂಡು, "ಹೋದ ವಾರ ಎಂಟಿತ್ತು! ಈ ಹುಡುಗಿ ಮೇಷ್ಟ್ರ ಹೊಟ್ಟೇಲಿ ಹುಟ್ಬೇಕಿತ್ತು!" ಎಂದು ರೇಗುತ್ತಿದ್ದ. ಹತ್ತನ್ನು ಮಾತ್ರ ಯಾರೂ ಯಾವತ್ತೂ ಕೊಡುವಂತಿರಲಿಲ್ಲ. "ಹತ್ತು ಕೊಟ್ಬಿಟ್ರೆ ಮುಂದಿನ ಶನಿವಾರ ಯಾಕೆ ಹೊರಡ್ಬೇಕು?" ಎಂದು ಅಮ್ಮ ನಗುತ್ತಿದ್ದಳು.

ಮಳೆ ಬಂದು ಸ್ಕೂಟರ್ ಹೊರಡದ ಶನಿವಾರ ಕೇಕು. ಕಿವಿಯೋಲೆಯಂಥ ಎರಡು ಹಿಡಿಗಳಿದ್ದ, ಅನ್ನ ಮಾಡುವ ಹಸಿರು ಬಣ್ಣದ ಕರೆಂಟ್ ಕುಕ್ಕರೇ ಅವರ ಒಲೆ. ಮೂರು ಚಾಪ್‌ಸ್ಟಿಕ್ ಜೋಡಿಸಿ ಹಿಡಿದು ಸರದಿಯ ಮೇಲೆ ಮೊಟ್ಟೆ ಕಡೆಯಬೇಕು; ಬಟ್ಟಲು ಬೋರಲು ಹಾಕಿದರೂ ನೊರೆ ಬೀಳಬಾರದು. ಬಿಂಗ್‌ತೋ ಅದನ್ನು ಪರೀಕ್ಷಿಸಲು ಹೋಗಿ ಅಕ್ಕನ ತಲೆಯ ಮೇಲೇ ಬೋರಲು ಹಾಕಿದ್ದುಂಟು. ಕುಕ್ಕರಿನ ಗುಂಡಿ ಒತ್ತಿದ ಮೇಲೆ ಯಾರೂ ಮಾತಾಡುವಂತಿಲ್ಲ. ಉಬ್ಬುವ ಹಿಟ್ಟಿನ ಹತ್ತಿರ ಒಂದು ಕೆಟ್ಟ ಮಾತು ಬಿದ್ದರೂ ಅದು ಮುನಿಸಿಕೊಂಡು ಕುಳಿತುಬಿಡುತ್ತದೆ ಎಂದು ಅಜ್ಜಿ ಹೇಳಿಕೊಟ್ಟಿದ್ದಳಂತೆ. ಮೂವರೂ ಕುಕ್ಕರಿನ ಸುತ್ತ ಕುಕ್ಕರುಗಾಲಲ್ಲಿ ಕೂತು, ತಮ್ಮ ತಮ್ಮ ಬಾಯಿಗೆ ಕೈ ಒತ್ತಿ ಹಿಡಿದು, ಒಬ್ಬರನ್ನೊಬ್ಬರು ನೋಡಿ ಭುಜ ಕುಲುಕಿಸಿ ನಗುತ್ತಿದ್ದರು. ಗುಂಡಿ 'ಟಕ್' ಎಂದು ಮೇಲೇಳುವುದೇ ತಡ, ಮೂವರೂ ಒಟ್ಟಿಗೆ ಕಿರುಚುತ್ತಿದ್ದರು.

ಕೇಕು ಮುಕ್ಕಾಲುಪಾಲು ಸಲ ಮುನಿಸಿಕೊಂಡೇ ಇರುತ್ತಿತ್ತು.

*

ಇಂದೂ ಮುನಿಸಿಕೊಂಡಿತ್ತು. ಬಿಂಗ್‌ತೋ ತಟ್ಟೆಗೆ ಬೋರಲು ಹಾಕಿ ತಂದ ಕೇಕು ಒಂದು ಕಡೆ ಎದ್ದು, ನಡುವೆ ಕುಸಿದು, ಯಾರೋ ಕೂತು ಎದ್ದ ದಿಂಬಿನ ಹಾಗಿತ್ತು.

"ಮೊಟ್ಟೆ ಹಾಕಿದೀಯ?" ಚಿಕ್ಕಮ್ಮ ಹೌಹಾರಿದಳು. "ಸೂತಕದ ಎಡೆಗೆ ಮೊಟ್ಟೆ?"

"ಅಮ್ಮನ ಕಾಲ್ದೆಸೆ ಅನ್ನದ ಮೇಲೆ ಬಾತುಕೋಳಿ ಮೊಟ್ಟೆ ಇಟ್ಟೋಳು ನೀನೇ ಅಲ್ವಾ?"

"ಅದು ಶಾಸ್ತ್ರ!"

"ಇದೂ ಶಾಸ್ತ್ರಾನೇ. ನಮ್ಮನೇದು."

ಪುರೋಹಿತರು ಕೆಮ್ಮಿದರು. "ಇಟ್ಟುಬಿಡಿ, ತೊಂದ್ರೆ ಇಲ್ಲ. ಹತ್ತೂ ಇಪ್ಪತ್ತಾಯ್ತು."

ಅಮ್ಮನ ಭಾವಚಿತ್ರದ ಮುಂದೆ ತಟ್ಟೆ ಇಟ್ಟರು. ಊದುಬತ್ತಿ ಅರ್ಧ ಉರಿಯುವ ತನಕ ಕಾದರು. ಸುಹುಯಿ ನಾಣ್ಯಗಳನ್ನು ಎರಡೂ ಅಂಗೈಗಳ ನಡುವೆ ಹಿಡಿದು, 'ಅಮ್ಮಾ, ಹೊಟ್ಟೆ ತುಂಬಿತಾ?' ಎಂದು ಒಳಗೊಳಗೇ ಕೇಳಿ ಎಸೆದಳು. ಎರಡೂ ಮುಖ ಮೇಲೆ.

"ನಗ್ತಿದಾಳೆ. ಹೌದೂ ಅಲ್ಲ, ಇಲ್ಲಾನೂ ಅಲ್ಲ," ಎಂದರು ಪುರೋಹಿತರು.

"ನಗ್ತಾಳೆ, ಯಾಕೆ ನಗಲ್ಲ, ಆ ಕೇಕು ನೋಡಿದ್ರೆ ಸತ್ತೋರೂ ನಗ್ತಾರೆ," ಎಂದ ಚಿಕ್ಕಮ್ಮ ತಾನು ಹೇಳಿದ್ದೇನೆಂದು ಹೊಳೆದು ತುಟಿ ಕಚ್ಚಿಕೊಂಡಳು. ಶಾಮಿಯಾನದಡಿ ಯಾರೋ ಕಿಸಕ್ಕೆಂದರು. ಇನ್ನೊಮ್ಮೆ ಎಸೆದಾಗಲೂ ನಗು. ಮತ್ತೊಮ್ಮೆ ಎಸೆದಾಗ, ಇಲ್ಲ.

ಬಿಂಗ್‌ತೋ ಅಕ್ಕನ ಪಕ್ಕ ಮಂಡಿಯೂರಿದ. "ಇನ್ನೇನು ತರ್ಲಿ ಹೇಳು. ಸ್ಕೂಟರಲ್ಲಿ ಹೋಗಿ ತರ್ತೀನಿ. ಹಾಯ್ ಮಾವನ ತೌಹ್ವೆ ತರ್ಲಾ?"

"ಬೇಡ," ಎಂದಳು ಸುಹುಯಿ. "ಅದೊಂದು ಮಾತ್ರ ಬೇಡ."

*

ಈ ಮಾರ್ಚಿನ ಒಂದು ಶನಿವಾರ. ಅಮ್ಮನಿಗೆ ಸಕ್ಕರೆ ಕಾಯಿಲೆ ಹೆಚ್ಚಾಗಿ ಎಡಗಾಲಿನ ಎರಡು ಬೆರಳು ತೆಗೆದಿದ್ದರು. ನೋಡಿಕೊಳ್ಳಲು ಸುಹುಯಿ ತೈಪೆಯ ಕೆಲಸ ಬಿಟ್ಟು ಬಂದಿದ್ದಳು. ತೂಕ ಮಾಡಿದ ಗಂಜಿ, ಉಪ್ಪಿಲ್ಲದ ಮೀನು, ಬೇಯಿಸಿದ ಸೊಪ್ಪು. ಅಮ್ಮ ಎದುರಾಡದೆ ತಿನ್ನುತ್ತಿದ್ದಳು. ಮಾರ್ಕು ಕೇಳುವುದನ್ನು ಮಾತ್ರ ಬಿಟ್ಟಿದ್ದಳು.

ಅಂದು ಹಾಸಿಗೆ ಕೊಡವುವಾಗ ಕಿಟಕಿಯ ಪರದೆಯ ಹಿಂದೆ ಮುಚ್ಚಳ ಹಾಕಿದ ಕಾಗದದ ಬಟ್ಟಲು ಸಿಕ್ಕಿತು. ಇನ್ನೂ ಬೆಚ್ಚಗಿತ್ತು. ಅಮ್ಮ ಅದನ್ನು ಪಕ್ಕದ ಮನೆಯವಳ ಕೈಯಲ್ಲಿ ತರಿಸಿದ್ದಳು. ಸುಹುಯಿ ಅದನ್ನು ಒಯ್ದು ಬಚ್ಚಲಿಗೆ ಸುರಿದಳು. ಬಿಳಿಯ ಪದರಗಳು ಜಾಲರಿಯ ಮೇಲೆ ನಡುಗುತ್ತ ನಿಂತವು. ಶುಂಠಿಯ ವಾಸನೆ ಮನೆಯೆಲ್ಲ ತುಂಬಿತು.

ತಿರುಗಿದರೆ ಅಮ್ಮ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಿದ್ದಳು. ಬೈಯಲಿಲ್ಲ.

"ಮಾರ್ಕೂ ಕೊಡ್ದೇನೇ ಚೆಲ್ಬಿಟ್ಯಲ್ಲೇ," ಎಂದಷ್ಟೇ ಹೇಳಿ ನಕ್ಕಳು.

*

"ಹತ್ತೂ ಮುಕ್ಕಾಲು," ಎಂದರು ಪುರೋಹಿತರು.

ಸುಹುಯಿ ಎದ್ದು ನಿಂತಳು. ಕೈ ಚಾಚಿ ಎಡೆಯ ತಟ್ಟೆಯಿಂದ ಕೇಕಿನ ಒಂದು ಅಂಚು ಮುರಿದು ಬಾಯಿಗೆ ಹಾಕಿಕೊಂಡಳು.

"ಅಯ್ಯೋ! ಅವಳು ಉಣ್ಣೋಕ್ಕೆ ಮುಂಚೆ ನೀನು ಬಾಯಿಗೆ ಹಾಕ್ಕೊಂಡ್ಯಾ!" ಚಿಕ್ಕಮ್ಮ ಎದೆ ಬಡಿದುಕೊಂಡಳು. ಪುರೋಹಿತರು ಅಲ್ಲಾಡಿಸುತ್ತಿದ್ದ ಗಂಟೆಯೂ ನಿಂತಿತು.

ಸುಹುಯಿ ನಿಧಾನವಾಗಿ ಅಗಿದಳು. ನುಂಗುವ ಮೊದಲು ಭಾವಚಿತ್ರದ ಕಡೆ ತಿರುಗಿ, ಅಮ್ಮನಿಗೆ ಚೆನ್ನಾಗಿ ಕಾಣುವ ಹಾಗೆ ಮುಖ ಹಿಡಿದಳು.

"ನಾಲ್ಕು," ಎಂದಳು ಗಟ್ಟಿಯಾಗಿ.

ಬಿಂಗ್‌ತೋಗೆ ಒಂದು ಗಳಿಗೆ ಏನೂ ಹೊಳೆಯಲಿಲ್ಲ. ಹೊಳೆದಾಗ ಅವನ ಮುಖ ಏಳು ವರ್ಷದ ಹುಡುಗನದಾಯಿತು. "ನಾಲ್ಕಾ? ಅನ್ಯಾಯ! ಬೆಳಿಗ್ಗೆ ಆರರಿಂದ ಮೊಟ್ಟೆ ಕಡೆದಿದೀನಿ!"

"ತಳ ಸೀದಿದೆ. ನಡುವೆ ಹಸಿ. ಸಕ್ಕರೆ ಹಾಕಿದ್ಯೋ ಉಪ್ಪು ಹಾಕಿದ್ಯೋ?"

"ಕತ್ತಲಲ್ಲಿ ಡಬ್ಬ ಯಾವ್ದು ಅಂತ ಗೊತ್ತಾಗ್ಲಿಲ್ಲ. ಎರಡೂ ಸ್ವಲ್ಪ ಹಾಕ್ದೆ." ಅವನೂ ಒಂದು ಚೂರು ಬಾಯಿಗಿಟ್ಟುಕೊಂಡ. "ನಂದು ಏಳು."

"ಮಾಡ್ದೋರು ಮಾರ್ಕು ಹಾಕೋ ಹಾಗಿಲ್ಲ. ಅಮ್ಮನ ಕಾನೂನು."

"ಹಾಗಾದ್ರೆ ಚಿಕ್ಕಮ್ಮ ಹಾಕ್ಲಿ."

ಚಿಕ್ಕಮ್ಮ ಇಬ್ಬರನ್ನೂ ನೋಡಿದಳು. ಅಕ್ಕನ ಚಿತ್ರವನ್ನು ನೋಡಿದಳು. ಆಮೇಲೆ ಎರಡು ಬೆರಳಲ್ಲಿ ಒಂದು ಪುಡಿ ಎತ್ತಿ ನಾಲಗೆಗೆ ತಾಗಿಸಿದಳು. "ಮೂರು," ಎಂದಳು. ಹೇಳಿ ಮುಗಿಸುವಷ್ಟರಲ್ಲಿ ಸೆರಗಿನಂತೆ ಹೆಗಲ ಮೇಲಿದ್ದ ಬಿಳಿಯ ಟವೆಲಿನಲ್ಲಿ ಮುಖ ಮುಚ್ಚಿಕೊಂಡಳು.

ಸುಹುಯಿ ನಾಣ್ಯ ಎಸೆದಳು. ಒಂದು ತಕ್ಷಣ ಮುಖ ಮೇಲಾಗಿ ಬಿತ್ತು. ಇನ್ನೊಂದು ಅಂಚಿನ ಮೇಲೆ ಗಿರಗಿರ ತಿರುಗಿ ತಿರುಗಿ, ಬೆನ್ನು ತೋರಿಸಿ ಮಲಗಿತು.

"ಉಂಡ್ಳು," ಎಂದರು ಪುರೋಹಿತರು.

ಮುಚ್ಚಳಕ್ಕೆ ಮೊಳೆ ಹೊಡೆಯುವಾಗ ಪದ್ಧತಿಯಂತೆ ಎಲ್ಲರೂ ಬೆನ್ನು ತಿರುಗಿಸಿ ನಿಂತರು. ಸುಹುಯಿಯ ಬಾಯಲ್ಲಿ ಇನ್ನೂ ಕಮಟಿತ್ತು. ಪ್ರತಿ ಪೆಟ್ಟಿಗೂ ತಮ್ಮನ ಭುಜ ಅವಳ ಭುಜಕ್ಕೆ ತಾಗುತ್ತಿತ್ತು.

*

ಸುಡುಗಾಡಿನಿಂದ ಬಂದು, ಬೂದಿಯ ಕರಂಡಕವನ್ನು ಗುಡಿಯಲ್ಲಿ ಇಟ್ಟಾಗ ಮೂರೂವರೆ. ಚಿಕ್ಕಮ್ಮನನ್ನು ನೆಂಟರ ಕಾರಿನಲ್ಲಿ ಕಳಿಸಿ ಅಕ್ಕ ತಮ್ಮ ಸ್ಕೂಟರ್ ಹತ್ತಿದರು. ಎಲ್ಲಿಗೆ ಎಂದು ಅವಳು ಕೇಳಲಿಲ್ಲ, ಅವನು ಹೇಳಲೂ ಇಲ್ಲ. ಇಬ್ಬರ ತೋಳಿಗೂ ಪಿನ್ನು ಹಾಕಿದ್ದ ಸೂತಕದ ಸೆಣಬಿನ ತುಂಡು ಹಾಗೇ ಇತ್ತು.

ಹಾಯ್ ಮಾವನ ಗಾಡಿ ಈಗ ಅಂಗಡಿಯಾಗಿತ್ತು. ನಾಲ್ಕು ಮೇಜು, ಎರಡು ಫ್ಯಾನು. ಅವನ ತಲೆಯಲ್ಲಿ ಒಂದು ಕೂದಲೂ ಕಪ್ಪಗಿರಲಿಲ್ಲ.

ಬಿಂಗ್‌ತೋ ರಸ್ತೆಯ ಈಚೆಗೇ ಸ್ಕೂಟರ್ ನಿಲ್ಲಿಸಿದ. ತೋಳಿನ ಮೇಲೆ ಸೆಣಬು ಇರುವ ತನಕ ಬೇರೆಯವರ ಹೊಸ್ತಿಲು ತುಳಿಯಬಾರದು. ಅದರಲ್ಲೂ ಉಣ್ಣುವ ಅಂಗಡಿಯ ಹೊಸ್ತಿಲು. ವ್ಯಾಪಾರ ಮಾಡುವವರಿಗೆ ಒಳ್ಳೆಯದಲ್ಲ. ಇಬ್ಬರೂ ಕಂಬದ ನೆರಳಿನಲ್ಲಿ ನಿಂತರು.

"ವಾಸ್ನೆ ಇಲ್ಲಿ ತನಕ ಬರ್ತಿದೆ," ಎಂದ ಅವನು.

"ನೋಡ್ಕೊಂಡು ಹೋಗೋಣ, ಸಾಕು," ಎಂದಳು ಅವಳು.

ಹಾಯ್ ಮಾವ ತಲೆ ಎತ್ತಿದ. ಅವರ ಮುಖವನ್ನು ನೋಡಿದ, ತೋಳನ್ನು ನೋಡಿದ. ಅಷ್ಟು ಹೊತ್ತು ಕಾಯುತ್ತಿದ್ದ ಗಿರಾಕಿಯೊಬ್ಬನಿಗೆ ತಡಿ ಎಂದು ಕೈ ಮಾಡಿ, ಪಾತ್ರೆಯ ಮುಚ್ಚಳ ತೆಗೆದ. ಆವಿ ಎದ್ದು ಅವನ ಮುಖವನ್ನು ಮರೆಮಾಡಿತು. ಸೌಟು ನಾಲ್ಕು ಸಲ ಜಾರಿತು. ಆಮೇಲೆ ಅವನು ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಹೊಸ್ತಿಲು ದಾಟಿ ಬಂದ. ಸ್ಕೂಟರುಗಳ ನಡುವೆ, ಎರಡೂ ಕೈಯಲ್ಲಿ ಬಟ್ಟಲು ಹಿಡಿದು, ಪಾಕ ತುಳುಕದ ಹಾಗೆ ಮೆಲ್ಲಗೆ ಹೆಜ್ಜೆ ಇಡುತ್ತ ರಸ್ತೆ ದಾಟಿದ.

ಬಟ್ಟಲನ್ನು ಸುಹುಯಿಯ ಕೈಗಿಟ್ಟು, ತಿರುಗಿ ನೋಡದೆ ಹೊರಟುಹೋದ.

ಬಟ್ಟಲು ಬೆಚ್ಚಗಿತ್ತು. ಅದರೊಳಗೆ ಮೂರು ಚಮಚಗಳಿದ್ದವು.