ಹದಿನಾಲ್ಕನೇ ಕೋಣೆಯ ಮತದಾರ

ನಮ್ಮ ಆರ್ವಿಲ್ ಪಟ್ಟಣದಲ್ಲಿ ದೊಡ್ಡ ಮನೆತನ ಅನ್ನಿಸಿಕೊಳ್ಳಲು ದುಡ್ಡು ಬೇಕಿಲ್ಲ, ಮುತ್ತಾತ ೧೮೮೬ರಲ್ಲಿ ಮತ ಹಾಕಿರಬೇಕು, ಅಷ್ಟೆ. ಕೌಂಟಿಯ, ಅಂದರೆ ಜಿಲ್ಲೆಯ, ಕೋರ್ಟು ನಮ್ಮಲ್ಲಿರಬೇಕೋ ಎಂಟು ಮೈಲಿ ಆಚೆಯ ಪ್ರಾಸ್ಪೆಕ್ಟಿನಲ್ಲೋ ಎಂದು ಆ ವರ್ಷ ಚುನಾವಣೆ ನಡೆದು ಆರ್ವಿಲ್ ಗೆದ್ದಿತು. ಪ್ರಾಸ್ಪೆಕ್ಟ್ ಈಗ ಜೋಳದ ಹೊಲ. ಗೆಲ್ಲಿಸಿದವರ ವಂಶಸ್ಥರು ಪ್ರತಿ ಜುಲೈ ಮೆರವಣಿಗೆಯಲ್ಲಿ ಎದೆಗೆ ನೀಲಿ ರಿಬ್ಬನ್ ಚುಚ್ಚಿಕೊಂಡು ಮೊದಲ ಬಂಡಿಯಲ್ಲಿ ಕೂತು, ಈಗಷ್ಟೇ ತಾವೇ ಮತ ಹಾಕಿ ಬಂದವರಂತೆ ಕೈಬೀಸುತ್ತಾರೆ.

ಲವೀನಾ ಫಾಸ್ ಎಪ್ಪತ್ತೆರಡು ವರ್ಷದಿಂದ ರಸ್ತೆ ಬದಿಯಲ್ಲಿ ಕೂತು ಆ ಬಂಡಿ ನೋಡಿದವಳು. ಫಾಸ್ ಮನೆಯವರು ಬಂದದ್ದು ೧೮೯೧ರಲ್ಲಿ. ಐದು ವರ್ಷ ತಡ. ಮೂವತ್ತು ವರ್ಷ ಶಾಲೆಯ ಗ್ರಂಥಾಲಯ ನೋಡಿಕೊಂಡಳು, ಊರಿನ ಪ್ರತಿ ಸಾವಿನ ಊಟಕ್ಕೂ ಹ್ಯಾಮ್ ಸ್ಯಾಂಡ್‌ವಿಚ್ ಮಾಡಿಕೊಟ್ಟಳು, ಆದರೂ ಹೊರಗಿನವಳೇ. ಆ ರಿಬ್ಬನ್ನಿನ ಆಸೆ ಅವಳಿಗೆ ಎಷ್ಟಿತ್ತೆಂದರೆ, ಅದು ಬರೀ ಬಟ್ಟೆಯ ತುಂಡು ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದಳು.

ಪಟ್ಟಣದ ಇತಿಹಾಸ ಬರೆಯುವ ಕೆಲಸ ಬಂದಾಗ ಅದನ್ನು ಅವಳ ತಲೆಗೇ ಕಟ್ಟಿದರು. ಬಿಟ್ಟಿ ಕೆಲಸಕ್ಕೆ ಹೊರಗಿನವಳಾದರೆ ಅಡ್ಡಿಯಿರಲಿಲ್ಲ. ಕೋರ್ಟಿನ ನೆಲಮಾಳಿಗೆಯಲ್ಲಿ ಆ ಚುನಾವಣೆಯ ಮತದಾರರ ಪುಸ್ತಕ ಸಿಕ್ಕಿತು. ಮುನ್ನೂರು ಜನರಿದ್ದ ಊರಿನಲ್ಲಿ ಸಾವಿರದ ನೂರನಲವತ್ತು ಮತ! ಹೆಚ್ಚಿನ ಹೆಸರೆಲ್ಲ ಒಂದೇ ಕೈಬರಹ. ಹೆಸರಿನ ಮುಂದೆ ಒಂದೊಂದು ಸಂಖ್ಯೆ: ನಾಲ್ವರಿಗೆ ೧೧, ನಾಲ್ವರಿಗೆ ೧೨. ಪುಟಗಳ ನಡುವೆ, ಈ ಕಡೆ ಹೊಲ ಹುಡುಕಿ ಬರುವವರೆಲ್ಲ ತಂಗುತ್ತಿದ್ದ ಒಮಾಹಾ ನಗರದ ಹೋಟೆಲೊಂದರ ಚೀಟಿ ಕಂಡ ಮೇಲೆ ಅವಳಿಗೆ ಹೊಳೆಯಿತು. ಯಾರೋ ಪುಣ್ಯಾತ್ಮ ಹೋಟೆಲಿನ ಪುಸ್ತಕ ಮುಂದಿಟ್ಟುಕೊಂಡು, ಕೋಣೆಯ ನಂಬರನ್ನೂ ಬಿಡದೆ ನಕಲು ಮಾಡಿದ್ದ.

ಲವೀನಾಗೆ ಖುಷಿ ತಡೆಯಲಾಗಲಿಲ್ಲ. ಇನ್ನು ಆ ಬಂಡಿ ಹೇಗೆ ಹೊರಡುತ್ತದೋ ನೋಡೇಬಿಡೋಣ ಎಂದುಕೊಂಡು ಹಾಳೆ ತಿರುವಿದಳು. ‘ಗುಸ್ತಾವ್ ಫಾಸ್, ೧೪.’ ಅವಳ ಮುತ್ತಾತ. ಆರ್ವಿಲ್ ಎಲ್ಲಿದೆಯೆಂದೇ ತಿಳಿಯದ ಕಾಲದಲ್ಲಿ ಒಮಾಹಾದ ಹೋಟೆಲಿನಲ್ಲಿ ನಾಲ್ವರು ಒಂದೇ ಮಂಚದಲ್ಲಿ ಮಲಗಿದ ಕಥೆಯನ್ನು ಅವನು ಸಾಯುವವರೆಗೂ ಹೇಳಿ ನಗುತ್ತಿದ್ದನಂತೆ.

ಬಾಯಿ ಬಿಟ್ಟರೆ ರಿಬ್ಬನ್ ಯಾರಿಗೂ ಇಲ್ಲ. ಮುಚ್ಚಿಕೊಂಡರೆ ಅವಳಿಗೂ ಉಂಟು. ಎರಡು ವಾರ ಊಟ ರುಚಿಸಲಿಲ್ಲ. ಕೊನೆಗೆ ಚರ್ಚಿನ ನೆಲಮಾಳಿಗೆಯಲ್ಲಿ ವಂಶಸ್ಥರ ಸಂಘದ ಸಭೆ ಸೇರಿದಾಗ, ಅಧ್ಯಕ್ಷ ವೆಂಡೆಲ್ ಕ್ರೂಗರನ ಮುಂದೆ ಪುಸ್ತಕ ತಂದು ಕುಕ್ಕಿದಳು. ಅವನು ಅವಳ ಸಹಪಾಠಿ, ಟ್ರ್ಯಾಕ್ಟರ್ ಮಾರಿ ನಿವೃತ್ತನಾದವನು.

“ಇದು ಶುದ್ಧ ಮೋಸ ಕಣೋ ವೆಂಡೆಲ್. ನಿಮ್ಮ ಮುತ್ತಾತ ಮತಾನೇ ಹಾಕಿಲ್ಲ. ನಮ್ಮ ಮುತ್ತಾತಾನೂ ಹಾಕಿಲ್ಲ.”

ವೆಂಡೆಲ್ ಕಾಫಿಯ ಲೋಟ ಕೆಳಗಿಡಲಿಲ್ಲ. “ಹನ್ನೊಂದನೇ ಕೋಣೆ. ನಮ್ಮಪ್ಪ ಸಾಯೋವಾಗ ಹೇಳಿದ್ದ.”

“ನಮ್ಮ ಮುತ್ತಾತಂದು ಹನ್ನೆರಡು,” ಎಂದಳು ಹಣ್ಣಿನ ಪೈ ಕತ್ತರಿಸುತ್ತಿದ್ದ ಸಂಘದ ಸದಸ್ಯೆ ಡಾರ್ಲೀನ್. “ಗೋಡೆ ಆಚೆ ಕ್ರೂಗರಂದು ಒಂದೇ ಗೊರಕೆಯಂತೆ, ಪಾಪ, ಕಣ್ಣೇ ಮುಚ್ಚಿಲ್ಲ.”

ಎಲ್ಲರೂ ನಕ್ಕರು. ಲವೀನಾ ಮೇಜು ಗುದ್ದಿದಳು. “ಎಲ್ಲಾ ಗೊತ್ತಿದ್ದೂ ಇಷ್ಟು ವರ್ಷ ನನ್ನ ರಸ್ತೇಲಿ ಕೂರಿಸಿದ್ರಲ್ಲ, ನಾಚಿಕೆ ಆಗಲ್ವಾ ನಿಮಗೆ?”

“ಇನ್ನೇನು ಮಾಡೋದು ಮಾರಾಯ್ತಿ? ಐದನೇ ಕ್ಲಾಸಲ್ಲಿ ನಾನು ಕಾಪಿ ಹೊಡೆದಿದ್ದನ್ನ ಟೀಚರಿಗೆ ಹೇಳಿದೋಳು ನೀನು. ನಿನ್ನ ಹೇಗೆ ಸೇರಿಸಿಕೊಳ್ಳೋದು?” ವೆಂಡೆಲ್ ಡಬ್ಬಿಯಿಂದ ನೀಲಿ ರಿಬ್ಬನ್ ತೆಗೆದ. “ಈಗ ನಿನ್ನದೂ ಕೋಣೆ ಸಿಕ್ತಲ್ಲ. ಬಾ ಇಲ್ಲಿ.”

ಬೇಡ ಅನ್ನಬೇಕೆಂದೇ ಅವಳು ಬಾಯಿ ತೆರೆದಳು. ಅವನು ಪಿನ್ನು ಹಿಡಿದು ಬಗ್ಗಿದಾಗ ಎದೆ ತಾನಾಗಿಯೇ ಮುಂದೆ ಬಂತು, ಕಣ್ಣು ತುಂಬಿತು. ಅಷ್ಟು ಸಂತೋಷವಾದದ್ದಕ್ಕೆ ಅವಳಿಗೇ ಹೇಸಿಗೆಯಾಯಿತು.

ಮರುದಿನ ಆ ಅಧ್ಯಾಯ ಮುಗಿಸಿದಳು: ‘೧೮೮೬ರ ಚುನಾವಣೆ ಅತ್ಯಂತ ಶಾಂತಿಯುತವಾಗಿ ನಡೆಯಿತು. ಮತದಾರರಲ್ಲಿ ಹೆಚ್ಚಿನವರು ಮತಗಟ್ಟೆಯಲ್ಲಿ ಒಂದು ಮಾತೂ ಆಡಲಿಲ್ಲ.’ ರಿಬ್ಬನ್ ಸರಿಮಾಡಿಕೊಂಡು ಮತ್ತೊಮ್ಮೆ ಓದಿದಳು. ಒಂದಕ್ಷರವೂ ಸುಳ್ಳಿರಲಿಲ್ಲ.